ಟೀಪುಡಿಯ ವಿಮಾನ

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ, ದೋಸೆ ಇನ್ನೂ ಹಂಚಿನ ಮೇಲಿರುವಾಗಲೇ ಬ್ಯಾಂಕಿನಿಂದ ಫೋನು ಬಂತು. ಇಂಥ ಫೋನುಗಳಿಗೆ ನಾನು "ಮನೆಯಲ್ಲಿ ಯಾರೂ ಇಲ್ಲ" ಎಂದು ಹೇಳಿ ಇಟ್ಟುಬಿಡುತ್ತೇನೆ. ಯಾರೂ ಇಲ್ಲದ ಮನೆಯಲ್ಲಿ ಫೋನು ಎತ್ತಿದವರು ಯಾರು ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಅವತ್ತಿನ ಹುಡುಗಿ ಮಾತ್ರ ನನಗೆ ಬಾಯಿ ತೆರೆಯಲು ಬಿಡದೆ, "ಮೇಡಂ, ನಿಮ್ಮ ಕ್ರೆಡಿಟ್ ಕಾರ್ಡಿನಲ್ಲಿ ಪಾಯಿಂಟ್‌ಗಳು ತುಂಬಾ ಸೇರಿವೆ. ಬಳಸದೇ ಇದ್ದರೆ ಹೋಗಿಬಿಡುತ್ತವೆ. ವಿಮಾನದಲ್ಲಿ ಬಿಸಿನೆಸ್ ಕ್ಲಾಸ್ ಟಿಕೆಟ್ಟೇ ತಗೋಬಹುದು, ಒಬ್ಬರು ಹೋಗಿ ಬರೋದಕ್ಕೆ" ಎಂದಳು.

ದೋಸೆ ಸೀದುಹೋಯಿತು. ನಾನು ಮಾಡಿದ್ದಾದರೂ ಏನು? ಕಾರ್ಡು ಉಜ್ಜಿ ತೊಗರಿಬೇಳೆ ತಂದಿದ್ದೆ, ಯಜಮಾನರ ಬಿಪಿ ಮಾತ್ರೆ ತಂದಿದ್ದೆ, ಒಂದು ಮಿಕ್ಸಿ ತಂದಿದ್ದೆ. ಬೇಳೆ ತಂದವಳನ್ನು ಯಾರೋ ಕರೆದು ವಿಮಾನದ ಮುಂದಿನ ಸೀಟಿನಲ್ಲಿ ಕೂರಿಸುತ್ತಾರೆ ಎಂದರೆ ನೀವಾಗಿದ್ದರೆ ನಂಬುತ್ತಿರಲಿಲ್ಲ. ನಾನು ತಕ್ಷಣ ನಂಬಿದೆ, ಏಕೆಂದರೆ ಈ ವಿದ್ಯೆ ನನಗೆ ಹೊಸದಲ್ಲ. ಕ್ರೆಡಿಟ್ ಕಾರ್ಡಿನ ಹೆಸರನ್ನೇ ನಮ್ಮ ಕಡೆ ಯಾರೂ ಕೇಳಿರದ ಎಂಬತ್ತರ ದಶಕದ ಮೊದಲಲ್ಲಿ ಚನ್ನಗಿರಿಯ ಗಿರಿಜತ್ತೆ ಬರೀ ಟೀಪುಡಿ ಕೊಂಡುಕೊಂಡು ವಿಮಾನದ ಬಾಗಿಲವರೆಗೆ ಹೋಗಿದ್ದಳು. ಬಾಗಿಲಲ್ಲಿ ಅವಳನ್ನು ತಡೆದವಳು ನಾನು. ಅದನ್ನು ನಿಮಗೆ ಹೇಳಿಬಿಡಬೇಕೆಂದೇ ಇಷ್ಟು ಪೀಠಿಕೆ.

ಗಿರಿಜತ್ತೆ ನಮ್ಮಪ್ಪನ ಅಕ್ಕ. ನಮ್ಮೂರು ಬಸವಾಪಟ್ಟಣ. ಅಲ್ಲೂ ಶಾಲೆ ಇತ್ತು, ಆದರೆ ಅತ್ತೆಗೆ ಇಬ್ಬರೂ ಗಂಡುಮಕ್ಕಳೇ, ನಮ್ಮಮ್ಮನಿಗೆ ನಾವು ನಾಲ್ಕು ಹೆಣ್ಣು. "ಒಂದನ್ನ ನನಗೆ ಕೊಡು, ಓದಿಸ್ತೀನಿ" ಎಂದು ಅತ್ತೆ ಕೇಳಿದಳು; ನಮ್ಮಮ್ಮ ಜಾಸ್ತಿ ತಿನ್ನುವವಳನ್ನು ಆರಿಸಿ ಕಳಿಸಿದಳು. ಹಾಗೆ ನಾನು ಐದನೆಯ ಕ್ಲಾಸು ಮುಗಿಸಿ ಚನ್ನಗಿರಿಗೆ ಬಂದೆ. ಅತ್ತೆಯ ಗಂಡ, ನಮ್ಮ ಮಾಮ, ಬಸ್‌ಸ್ಟ್ಯಾಂಡಿನ ಹತ್ತಿರ ಸೈಕಲ್ ಶಾಪ್ ಇಟ್ಟಿದ್ದರು. ಅವರ ಕೈಗೆ ಯಾವಾಗಲೂ ಗ್ರೀಸು, ಬಾಯಿಗೆ ಯಾವಾಗಲೂ ಕುಚೋದ್ಯ.

ಅತ್ತೆಗೆ ಬಸ್ಸು ಆಗುತ್ತಿರಲಿಲ್ಲ. ಚನ್ನಗಿರಿಯಿಂದ ಬಸವಾಪಟ್ಟಣಕ್ಕೆ ಎಷ್ಟು ಮಹಾ ದೂರ? ಆದರೆ ಬಸ್ಸು ಸ್ಟಾರ್ಟ್ ಆಗುವ ಮೊದಲೇ ಅವಳ ಮುಖ ಹುಳ್ಳಗಾಗುತ್ತಿತ್ತು. ಒಂದು ಕೈಯಲ್ಲಿ ನಿಂಬೆಹಣ್ಣು ಹಿಡಿದು ಮೂಸುತ್ತ, ಇನ್ನೊಂದು ಕೈಯಿಂದ ನನ್ನ ಮಣಿಕಟ್ಟು ಹಿಂಡುತ್ತ ಕಣ್ಣು ಮುಚ್ಚಿ ಕೂರುತ್ತಿದ್ದಳು. ಕಂಡಕ್ಟರು ಅವಳು ಕೇಳದೆಯೇ ಕಿಟಕಿ ಸೀಟು ಬಿಡಿಸಿಕೊಡುತ್ತಿದ್ದ. ಅದು ಗೌರವದಿಂದಲ್ಲ, ಉಳಿದ ಪ್ರಯಾಣಿಕರ ಕ್ಷೇಮಕ್ಕಾಗಿ. ಆದರೆ ಬಸ್ಸು ಸೂಳೆಕೆರೆಯ ಏರಿಯ ಮೇಲೆ ಬಂತೋ, ಅತ್ತೆ ನಿಂಬೆಹಣ್ಣು ಕೆಳಗಿಳಿಸಿ ಕಣ್ಣು ಬಿಡುತ್ತಿದ್ದಳು. ಆ ನಾಲ್ಕೈದು ನಿಮಿಷ ಅವಳಿಗೆ ವಾಂತಿಯೂ ಇಲ್ಲ, ತಲೆಸುತ್ತೂ ಇಲ್ಲ. ಕಣ್ಣು ಹೋಗುವವರೆಗೂ ನೀರು. ಅದನ್ನು ನೋಡುತ್ತ ಅವಳು ಪ್ರತಿ ಸಲ ಅದೇ ಪ್ರಶ್ನೆ ಕೇಳುತ್ತಿದ್ದಳು.

"ಅಲ್ಲ ಕಣೇ, ಈ ಕೆರೆ ಪೂರ್ತಿ ಹೆಂಗೈತೆ ಅಂತ ನೋಡ್ದೋರು ಯಾರಾದ್ರೂ ಅದಾರಾ?"

ನನಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. "ನಮ್ಮಪ್ಪ ಮಾವಿನಕಾಯಿ ಥರ ಐತೆ ಅಂತಿದ್ದ. ಮೀನು ಹಿಡಿಯೋರು ಎತ್ತಿನ ತಲಿ ಥರ ಅಂತಾರೆ. ಇಬ್ರೂ ಪೂರ್ತಿ ನೋಡಿಲ್ಲ, ಆದ್ರೂ ಜಗಳ ಆಡ್ತಾರೆ" ಎನ್ನುತ್ತಿದ್ದಳು. ನನ್ನ ಭೂಗೋಳದ ಪುಸ್ತಕ ತೆಗೆಸಿ ನೋಡಿದಳು. ಜಿಲ್ಲೆಯ ನಕ್ಷೆಯಲ್ಲಿ ಸೂಳೆಕೆರೆ ಒಂದು ನೀಲಿ ಚುಕ್ಕೆ, ಹೆಸರುಕಾಳಿನಷ್ಟು. "ಇಷ್ಟೇನಾ! ಇದನ್ನ ಬರೆದೋನು ಏರಿ ಮ್ಯಾಲೆ ಒಂದು ಸಲನಾದ್ರೂ ನಡೆದಾನಾ ಕೇಳು ನಿಮ್ಮ ಮೇಷ್ಟ್ರನ್ನ" ಎಂದು ಪುಸ್ತಕವನ್ನು ವಾಪಸು ಕೊಟ್ಟಳು. ನಾನು ಮೇಷ್ಟರನ್ನು ಕೇಳಲಿಲ್ಲ. ಅವರ ಬೆತ್ತದ ಆಕಾರ ನನಗೆ ಚೆನ್ನಾಗಿ ಗೊತ್ತಿತ್ತು.

ಅತ್ತೆಯ ಮನೆಗೊಂದು ಸಣ್ಣ ಮಾಳಿಗೆ ಇತ್ತು. ಅಲ್ಲಿ ಅವಳು ಹಪ್ಪಳ ಸಂಡಿಗೆ ಒಣಹಾಕುವ ಹೊತ್ತಿಗೆ ಸರಿಯಾಗಿ, ಸುಮಾರು ಹನ್ನೊಂದು ಗಂಟೆಗೆ, ಆಕಾಶದಲ್ಲಿ ಬಲು ಎತ್ತರದಲ್ಲಿ ಒಂದು ವಿಮಾನ ಬಿಳಿ ದಾರ ಬಿಟ್ಟುಕೊಂಡು ಹೋಗುತ್ತಿತ್ತು. ಅತ್ತೆ ಹಣೆಗೆ ಕೈ ಅಡ್ಡ ಹಿಡಿದು ದಾರ ಕರಗುವವರೆಗೆ ನೋಡುತ್ತಿದ್ದಳು. "ಅದ್ರಾಗೆ ಕುಂತೋರು ಕೆಳಗೆ ನೋಡ್ತಾರೋ, ಇಲ್ಲಾ ನಿದ್ದಿ ಮಾಡ್ತಾರೋ? ನಿದ್ದಿ ಮಾಡೋರಿಗೆಲ್ಲ ಯಾಕೆ ಕೊಡ್ತಾರೆ ಆ ಸೀಟು?" ಅವಳ ಕೋಪ ನ್ಯಾಯವಾದದ್ದೇ ಎಂದು ನನಗೆ ಆಗಲೂ ಅನ್ನಿಸಿತ್ತು.

ಇಂಥ ಮನೆಗೆ ಒಂದು ದಿನ ಆ ಟೀಪುಡಿಯ ಪೊಟ್ಟಣ ಬಂತು. ಕಂಪನಿಯ ಹೆಸರು ಬೇಡ ಬಿಡಿ. ಪೊಟ್ಟಣದೊಳಗೆ ಬೆಂಕಿಪೆಟ್ಟಿಗೆಯಷ್ಟು ಅಗಲದ ಒಂದು ಕೂಪನ್, ಅದರ ಮೇಲೆ ಕೆಂಪು ಬಾಲದ ವಿಮಾನದ ಚಿತ್ರ. ಮನೆಯಲ್ಲಿ ಕನ್ನಡವನ್ನು ತಡವರಿಸದೆ ಗಟ್ಟಿಯಾಗಿ ಓದುವವಳು ನಾನೇ ಆದ್ದರಿಂದ ಓದಿದೆ. ಇಂಥ ಮುನ್ನೂರು ಕೂಪನ್ ಕೂಡಿಸಿ ದೀಪಾವಳಿಯೊಳಗೆ ಕಳಿಸಿದವರಿಗೆ ಬೆಂಗಳೂರಿನಿಂದ ಬೊಂಬಾಯಿಗೆ ವಿಮಾನದಲ್ಲಿ ಹೋಗಿಬರುವ ಟಿಕೆಟ್ಟು, ಅದೂ ಮುಂಭಾಗದ ವಿಶೇಷ ದರ್ಜೆಯಲ್ಲಿ. ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಒಂದು ಷರತ್ತು: ಕೂಪನ್ನಿನ ಮೇಲೆ ಮಸಿ, ಎಣ್ಣೆ, ಬರಹ, ಕಲೆ ಯಾವುದೂ ಇರಕೂಡದು.

"ಮುಂದಿನ ಸೀಟಾ?" ಅತ್ತೆ ಕೇಳಿದಳು. "ಹಂಗಾದ್ರೆ ಕೆರೆ ಎಲ್ಲರಿಗಿಂತ ಮೊದ್ಲು ನನಗೇ ಕಾಣತೈತೆ."

ಮಾಮ ನಕ್ಕರು. "ಲೇ, ಬಸವಾಪಟ್ಟಣ ಮುಟ್ಟೋದ್ರಾಗೆ ಎರಡು ನಿಂಬೆಹಣ್ಣು ಮುಗಿಸ್ತೀಯ. ಬೊಂಬಾಯಿಗೆ ಒಂದು ಚೀಲ ಬೇಕು. ಮ್ಯಾಲೆ ಆ ವಿಮಾನದ ಕಿಟಕಿ ತೆಗಿಯಾಕೆ ಬರಲ್ಲಂತೆ."

ಅತ್ತೆ ಕೂಪನ್ನನ್ನು ಬಟ್ಟೆಯಿಂದ ಒರೆಸಿ, ಹಳೆಯ ಬಿಸ್ಕತ್ತಿನ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದಳು. "ಈ ಡಬ್ಬಿ ಹತ್ರ ನಿಮ್ಮ ಗ್ರೀಸ್ ಕೈ ತಂದೀರಿ, ಹುಷಾರು" ಎಂದಳು. ಹಾಗೆ ಶುರುವಾಯಿತು.

ಇದರಲ್ಲಿ ತಮಾಷೆಯ ಮಾತೆಂದರೆ ಅತ್ತೆ ಟೀ ಕುಡಿಯುತ್ತಿರಲಿಲ್ಲ. ಕುಡಿದರೆ ಪಿತ್ತ ಏರುತ್ತದೆ ಎಂದು ಬೆಲ್ಲದ ನೀರು ಕುಡಿಯುವವಳು ಅವಳು. ಮಿಕ್ಕವರಿಗೆ ಮಾತ್ರ ಬಿಡುವಿರಲಿಲ್ಲ. ಬೆಳಿಗ್ಗೆ ಟೀ, ಶಾಲೆಯಿಂದ ಬಂದರೆ ಟೀ, ಸೈಕಲ್ ಶಾಪಿಗೆ ಫ್ಲಾಸ್ಕಿನಲ್ಲಿ ಟೀ. ಟ್ಯೂಬಿಗೆ ಗಾಳಿ ಹೊಡೆಸಲು ಬಂದವರಿಗೂ ಮಾಮ ಟೀ ಕೊಡಬೇಕಾಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಬೀದಿಯಲ್ಲಿ ಕಾಫಿ ಕುಡಿಯುವ ಮನೆ ಒಂದೂ ಉಳಿದಿರಲಿಲ್ಲ. ಆದರೂ ನಮ್ಮ ಬೀದಿಯ ಹೊಟ್ಟೆಗಳಿಂದ ಮುನ್ನೂರು ಆಗುವ ಹಾಗಿರಲಿಲ್ಲ. ಅತ್ತೆ ನೆಂಟರಿಗೆಲ್ಲ ಕಾರ್ಡು ಬರೆಸಿದಳು. ಬರೆದವಳು ನಾನೇ.

ಅತ್ತೆಯ ತಂಗಿ ನಾಗಮ್ಮನನ್ನು ಜಗಳೂರಿಗೆ ಕೊಟ್ಟಿದ್ದರು. ಅವಳು ತನ್ನ ಬೀದಿಯವರಿಂದ ಕೂಪನ್ ಕೂಡಿಸಿ, ಲಕೋಟೆಗೆ ಹಾಕಿ, ಬಸ್ಸಿನ ಡ್ರೈವರ್ ಕೈಗೆ ಕೊಡುತ್ತಿದ್ದಳು. ಅದು ದಾವಣಗೆರೆಯಲ್ಲಿ ಇನ್ನೊಬ್ಬ ಡ್ರೈವರ್ ಕೈಗೆ ದಾಟಿ ಮಾಮನ ಅಂಗಡಿಗೆ ತಲುಪುತ್ತಿತ್ತು. ಒಂದು ಕೂಪನ್ ಕೂಡ ದಾರಿಯಲ್ಲಿ ತಪ್ಪಲಿಲ್ಲ. ನ್ಯಾಮತಿಯಲ್ಲಿ ಮಾಮನ ತಮ್ಮನ ಮನೆಗೆ ಸೂರಗೊಂಡನಕೊಪ್ಪದಿಂದ ಮೊಸರು ಮಾರಲು ಬರುತ್ತಿದ್ದ ಸೋಮ್ಲಿಬಾಯಿ, ತಾಂಡಾದ ಮನೆಮನೆಯಿಂದ ಕೂಪನ್ ಬೇಡಿ ತಂದು, ಕನ್ನಡಿ ಚೂರು ಹೊಲಿದ ಒಂದು ಪುಟ್ಟ ಚೀಲದಲ್ಲಿ ಹಾಕಿ ಕಳಿಸಿದಳು. ಅವಳು ಅತ್ತೆಯ ಮುಖವನ್ನೇ ಕಂಡಿರಲಿಲ್ಲ. ಯಾರೋ ಒಬ್ಬ ಹೆಂಗಸು ವಿಮಾನದಲ್ಲಿ ಕೂತು ಕೆಳಗೆ ನೋಡಿ ಬರುತ್ತಾಳಂತೆ ಎಂಬುದಷ್ಟೇ ಅವಳಿಗೆ ಸಾಕಾಗಿತ್ತು.

ಎಲ್ಲಕ್ಕಿಂತ ಹೆಚ್ಚು ಬಂದದ್ದು ಹೊನ್ನಾಳಿಯ ಮದುವೆಯಲ್ಲಿ. ಮಾಮನ ತಂಗಿಯ ಮಗಳ ಮದುವೆ ಅದು. ಮುತ್ತೈದೆಯರನ್ನು ಸಾಲಾಗಿ ಕೂರಿಸಿ ಉಡಿ ತುಂಬುತ್ತಿದ್ದರು. ನಮ್ಮ ಕಡೆ ಉಡಿ ತುಂಬುವುದೆಂದರೆ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಕುಪ್ಪಸದ ಕಣ ಹಾಕಿ ಅರಿಶಿನ ಕುಂಕುಮ ಹಚ್ಚುವುದು. ಅತ್ತೆಯ ಸರದಿ ಬಂದಾಗ ಹೊನ್ನಾಳಿಯ ನಾದಿನಿ ಅಕ್ಕಿಯ ಮೇಲೆ ಎರಡು ಕೂಪನ್ ಇಟ್ಟಳು. ಅವಳನ್ನು ನೋಡಿ ಪಕ್ಕದವಳು, ಆಮೇಲೆ ಅವಳ ಪಕ್ಕದವಳು. ಮದುವೆ ಮನೆಯ ಅಡಿಗೆಯವರು ಒಲೆಯ ಹತ್ತಿರ ಬಿದ್ದಿದ್ದ ಪೊಟ್ಟಣಗಳನ್ನೆಲ್ಲ ಹರಿದು ಕೂಪನ್ ತಂದುಕೊಟ್ಟರು. ಅತ್ತೆ ಸೆರಗು ಗಂಟು ಕಟ್ಟಿಕೊಂಡು ಎದ್ದು ನಿಂತಾಗ ಅವಳ ಕಣ್ಣು ತುಂಬಿತ್ತು. "ಇದು ಉಡಿಯಾಗೆ ಬಂದಿದ್ದು ಕಣೇ, ಅಂಗಡಿದಲ್ಲ" ಎಂದು ನನಗೆ ಹೇಳಿದಳು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಕೂರಬಾರದಿತ್ತು.

ಕೂಪನ್ ಕೊಟ್ಟವರು ಯಾರೂ ಸುಮ್ಮನೆ ಕೊಡಲಿಲ್ಲ ನೋಡಿ. ಎಲ್ಲರಿಗೂ ಮೇಲಿನಿಂದ ಏನಾದರೊಂದನ್ನು ನೋಡಿಸಬೇಕಿತ್ತು. ನಾನು ನೋಟ್‌ಬುಕ್ಕಿನ ಹಾಳೆಯಲ್ಲಿ ಪಟ್ಟಿ ಮಾಡಿದೆ. ಸೋಮ್ಲಿಬಾಯಿಗೆ ಅವಳ ಕೊಪ್ಪದ ಗುಡಿ ಅಷ್ಟು ಎತ್ತರಕ್ಕೂ ಕಾಣುತ್ತದೋ ಇಲ್ಲವೋ ತಿಳಿಯಬೇಕಿತ್ತು. ಹೊನ್ನಾಳಿಯ ನಾದಿನಿಗೆ ತುಂಗಭದ್ರೆ ಎಲ್ಲೆಲ್ಲಿ ತಿರುಗುತ್ತದೆ ಎಂದು. ನಾಗಮ್ಮ, "ಅಕ್ಕಾ, ನಾನು ಅಂಗಳದಾಗೆ ಕೆಂಪು ಸೀರಿ ಹಾಸಿ ನಿಂತಿರ್ತೀನಿ, ಕಂಡ್ರೆ ಕೈ ಬೀಸು" ಎಂದು ಬರೆಸಿದ್ದಳು. ನನಗೆ ಮೋಡದ ಬೆನ್ನು ಹೇಗಿರುತ್ತದೆ ಎಂಬ ಕುತೂಹಲ. ಮಾಮ, "ನನ್ನದೂ ಒಂದು ಬರಕೋ. ಅಂಗಡಿ ಹಂಚು ಎಲ್ಲಿ ಸೋರ್ತೈತೆ ಅಂತ ಮ್ಯಾಲಿಂದ ನೋಡ್ಕೊಂಡು ಬರ್ಲಿ" ಎಂದರು. ಬರೆದುಕೊಂಡೆ.

ಕುಚೋದ್ಯ ಮಾಡುತ್ತಿದ್ದರೂ ಒಂದು ಭಾನುವಾರ ಮಾಮ ನನ್ನ ಅಟ್ಲಾಸ್ ತರಿಸಿಕೊಂಡು, ಕೈ ಸೋಪಿನಲ್ಲಿ ತೊಳೆದುಕೊಂಡು ಕೂತರು. ಬೆಂಗಳೂರಿಗೂ ಬೊಂಬಾಯಿಗೂ ನಡುವೆ ಬಿಗಿಯಾಗಿ ದಾರ ಎಳೆದು ಹಿಡಿದರು. ದಾರ ಚಿತ್ರದುರ್ಗದ ಆಸುಪಾಸಿನಲ್ಲಿ, ಹೆಚ್ಚುಕಡಿಮೆ ಜಗಳೂರಿನ ಪಕ್ಕದಲ್ಲಿ ಹೋಯಿತು. ಸೂಳೆಕೆರೆಯ ಹೆಸರುಕಾಳು ಎಡಕ್ಕೆ ದೂರದಲ್ಲಿ ಉಳಿಯಿತು. ಅತ್ತೆಯ ಮುಖ ಸಪ್ಪಗಾಯಿತು.

ಮಾಮ ದಾರವನ್ನು ಇನ್ನೊಮ್ಮೆ ಎಳೆದರು, ಸ್ವಲ್ಪ ಎಡಕ್ಕೆ ಸರಿಯುತ್ತದೇನೋ ಎಂಬಂತೆ. ಆಮೇಲೆ ಮೆಲ್ಲಗೆ, "ಅಷ್ಟು ಎತ್ತರದಿಂದ ಇಷ್ಟು ದೂರ ಏನು ಮಹಾ? ಎಡಗಡೆ ಕಿಟಕಿ ಕೇಳಿ ಇಸ್ಕೊ, ಕಾಣತೈತೆ" ಎಂದರು. ಮಾಮ ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅವತ್ತಿನಿಂದ ಅತ್ತೆಯ ಅಭ್ಯಾಸ ಶುರುವಾಯಿತು. ಎತ್ತರಕ್ಕೆ ತಲೆ ತಿರುಗಬಾರದೆಂದು ವಾರಕ್ಕೊಮ್ಮೆ ನನ್ನನ್ನು ಕರೆದುಕೊಂಡು ಊರಿನ ಕೋಟೆ ಗುಡ್ಡ ಹತ್ತುವುದು. ಮೇಲೆ ಒಂದು ಬಂಡೆಯ ಮೇಲೆ ನೆಟ್ಟಗೆ ಕೂತು, ಕಾಲು ಜೋಡಿಸಿ, ಕತ್ತನ್ನು ಎಡಕ್ಕೆ ತಿರುಗಿಸುವುದು. ನಾನು ಪಕ್ಕದಲ್ಲಿ ಕೂತು ಬಾಯಲ್ಲಿ ವಿಮಾನದ ಸದ್ದು ಮಾಡಬೇಕು. ಒಂದು ಸಲ ದನ ಕಾಯುವ ಅಜ್ಜ ನಿಂತು ನಮ್ಮನ್ನು ಬಹಳ ಹೊತ್ತು ನೋಡಿ, "ಏನಮ್ಮ, ಮೈಯಾಗೆ ಹುಷಾರಿಲ್ಲೇನು?" ಎಂದು ಕೇಳಿದ. ಅತ್ತೆ, "ಬೊಂಬಾಯಿಗೆ ಹೊಂಟಿದೀವಿ" ಎಂದಳು. ಅಜ್ಜ ದನಗಳನ್ನು ಬೇರೆ ದಾರಿಗೆ ಹೊಡೆದುಕೊಂಡು ಹೋದ.

ದೀಪಾವಳಿಗೆ ಇನ್ನೂ ಒಂದು ತಿಂಗಳಿರುವಾಗ ಮುನ್ನೂರನೆಯ ಕೂಪನ್ ಬಂತು. ಅತ್ತೆ ಒಂದೊಂದನ್ನೂ ಬೆಳಕಿಗೆ ಹಿಡಿದು, ಮಸಿಯಿಲ್ಲ ಎಣ್ಣೆಯಿಲ್ಲ ಎಂದು ಪರೀಕ್ಷೆ ಮಾಡಿದಳು. ಹೊನ್ನಾಳಿಯ ಅಡಿಗೆಯವರು ಕೊಟ್ಟವುಗಳಲ್ಲಿ ಏಳಕ್ಕೆ ಎಣ್ಣೆ ತಾಗಿತ್ತು. ಅವನ್ನು ಬದಿಗಿಟ್ಟು ಬೇರೆ ಏಳು ಕೂಡಿಸಿದಳು. ಅಷ್ಟು ಮಡಿ. ಶುಕ್ರವಾರ ಬೆಳಿಗ್ಗೆ ಪೋಸ್ಟಿಗೆ ಹಾಕುವುದೆಂದು ನಿಶ್ಚಯವಾಯಿತು. "ನಾನು ಗುಡಿಗೆ ಹೋಗಿ ಬರ್ತೀನಿ. ಅಷ್ಟ್ರಾಗೆ ಕವರಿನ ಮೂಲೆಗೆ ಒಂದಿಷ್ಟು ಅರಿಶಿನ ಹಚ್ಚಿ ಇಟ್ಟಿರು" ಎಂದು ಹೇಳಿ ಅತ್ತೆ ಹೋದಳು.

ನಮ್ಮಲ್ಲಿ ಮದುವೆಯ ಕರೆಯೋಲೆಯಿಂದ ಹಿಡಿದು ಹೊಸ ಪುಸ್ತಕದವರೆಗೆ ಮಂಗಳವಾದ ಕಾಗದ ಯಾವುದಿದ್ದರೂ ಮೂಲೆಗೆ ಅರಿಶಿನ ಬೀಳಲೇಬೇಕು. ನಾನು ಬಟ್ಟಲಲ್ಲಿ ಅರಿಶಿನ ಕಲಸಿ ಕವರಿಗೆ ಹಚ್ಚಿದೆ. ಆಮೇಲೆ ಯೋಚನೆ ಬಂತು. ಕವರನ್ನು ಅವರು ಹರಿದು ಬಿಸಾಕುತ್ತಾರೆ. ಒಳಗಿನವು? ಉಡಿಯಲ್ಲಿ ಬಂದವು? ಅವುಗಳನ್ನು ಬರೀ ಮೈಯಲ್ಲಿ ಕಳಿಸಿದರೆ ಅತ್ತೆಗೆ ಎಡಗಡೆಯ ಕಿಟಕಿ ಸಿಗದೇ ಹೋದರೆ? ನಾನು ಚಾಪೆಯ ಮೇಲೆ ಮುನ್ನೂರನ್ನೂ ಹರಡಿದೆ. ಹೆಬ್ಬೆರಳನ್ನು ಅರಿಶಿನದಲ್ಲಿ ಅದ್ದಿ ಒಂದೊಂದರ ನಾಲ್ಕು ಮೂಲೆಗೂ ಒತ್ತಿದೆ. ಒಂದನ್ನೂ ಬಿಡಲಿಲ್ಲ. ವಿಮಾನದ ಚಿತ್ರಕ್ಕೆ ತಾಗದ ಹಾಗೆ ಉಸಿರು ಹಿಡಿದು ಒತ್ತಿದೆ. ಬೀಸಣಿಗೆಯಿಂದ ಗಾಳಿ ಹಾಕಿ ಒಣಗಿಸಿ, ಕವರಿಗೆ ತುಂಬಿ, ಅಂಟು ಹಾಕಿ ಮುಚ್ಚಿದೆ. ಶಾಲೆಗೆ ತಡವಾಗಿ ಎರಡೇಟು ಬಿತ್ತು, ನೋವೇ ಆಗಲಿಲ್ಲ. ಅತ್ತೆಗೆ ಹೇಳಲಿಲ್ಲ. ಅವಳು ಬೊಂಬಾಯಿಯಿಂದ ಬಂದ ಮೇಲೆ ಹೇಳಿ ಶಹಭಾಸ್ ಅನ್ನಿಸಿಕೊಳ್ಳಬೇಕೆಂದು ಇಟ್ಟುಕೊಂಡಿದ್ದೆ.

ಷರತ್ತು ನನಗೆ ಬಾಯಿಪಾಠವಾಗಿತ್ತು. ಮಸಿ, ಎಣ್ಣೆ, ಬರಹ, ಕಲೆ. ಆದರೆ ನೀವೇ ಹೇಳಿ, ನಮ್ಮ ಕಡೆಯ ಯಾವ ಹೆಣ್ಣುಮಗಳ ತಲೆಗಾದರೂ ಅರಿಶಿನ ಒಂದು ಕಲೆ ಎಂದು ಹೊಳೆಯುತ್ತದೆಯೇ?

ದೀಪಾವಳಿಗೆ ಎರಡು ದಿನ ಮೊದಲು ದಪ್ಪ ಕವರು ವಾಪಸು ಬಂತು. ಅತ್ತೆ ಟಿಕೆಟ್ಟೇ ಬಂತೆಂದು ಅಕ್ಕಪಕ್ಕದವರನ್ನು ಕೂಗಿ ಕರೆದಿದ್ದಳು. ಒಳಗೆ ಮುನ್ನೂರು ಕೂಪನ್, ಜೊತೆಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು. ಮಾಮ ಅಕ್ಷರ ಕೂಡಿಸಿಕೊಂಡು ಕೂಡಿಸಿಕೊಂಡು ಓದಿದರು.

"ಹಳದಿ ಕಲೆ ಆಗಿರೋದ್ರಿಂದ ತಗೊಳ್ಳಾಕೆ ಆಗಲ್ಲಂತೆ."

"ಕಲೆ?" ಎಂದಳು ಅತ್ತೆ. "ಅರಿಶಿನಕ್ಕೆ ಕಲೆ ಅಂದಾರಾ?" ನೆರೆದ ಹೆಂಗಸರೆಲ್ಲ ಬಾಯಿ ಮೇಲೆ ಕೈ ಇಟ್ಟುಕೊಂಡರು. ಒಬ್ಬಳಂತೂ ಆ ಕಂಪನಿಯವರ ಮನೆಯಲ್ಲಿ ಮದುವೆ ಮುಂಜಿ ಆಗುವುದಿಲ್ಲವೇ ಎಂದು ಕೇಳಿದಳು. ಆಗ ಮಾಮ ಕೂಪನ್ನುಗಳನ್ನು ನೆಲಕ್ಕೆ ಸುರಿದು, "ಅವರ ವಿಷಯ ಬಿಡ್ರಿ. ಕವರಿಗೆ ಹಚ್ಚಬೇಕಾಗಿದ್ದನ್ನ ಇದಕ್ಕೆಲ್ಲ ಹಚ್ಚಿದ್ದು ಯಾರು?" ಎಂದು ಗುಡುಗಿದರು.

ನಾನು ಅಡಿಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ಅತ್ತೆ ಒಂದು ಕೂಪನ್ ಎತ್ತಿಕೊಂಡಳು. ಅದರ ಮೂಲೆಯಲ್ಲಿ ಒತ್ತಿದ್ದ ಬೆರಳ ಗುರುತನ್ನು ನೋಡಿದಳು. ಚಿಕ್ಕ ಬೆರಳು, ಗೆರೆ ಗೆರೆಯಾಗಿ ಕಾಣುತ್ತಿತ್ತು. ತಲೆಯೆತ್ತಿ ನಾನು ನಿಂತ ಬಾಗಿಲ ಕಡೆ ನೋಡಿದಳು. ಆಮೇಲೆ ಗಂಡನ ಕಡೆ ತಿರುಗಿದಳು.

"ನಾನೇ ಹಚ್ಚಿದ್ದು."

"ನೀನು ಗುಡಿಗೆ ಹೋಗಿದ್ದೆಲ್ಲ?"

"ಬಂದು ಹಚ್ಚಿದೆ. ಉಡಿಯಾಗೆ ಬಂದಿದ್ದನ್ನ ಹಂಗೇ ಕಳಿಸಾಕೆ ಆಗತೈತೇನ್ರಿ?"

ಮಾಮ ತಲೆ ಚಚ್ಚಿಕೊಂಡರು. ಬೈದರು. ಆಮೇಲೆ ನಕ್ಕರು, ಊರೆಲ್ಲ ನಕ್ಕಿತು. ಜಗಳೂರು, ಹೊನ್ನಾಳಿ, ನ್ಯಾಮತಿಯವರೆಗೂ ಸುದ್ದಿ ಬಸ್ಸಿನಲ್ಲೇ ಹೋಯಿತು. ಎಷ್ಟೋ ವರ್ಷ ಯಾವ ಮದುವೆಗೆ ಹೋದರೂ ಅತ್ತೆಯನ್ನು ಕಂಡು ಯಾರಾದರೊಬ್ಬರು, "ವಿಮಾನಕ್ಕೆ ಅರಿಶಿನ ಹಚ್ಚಿದೋರು ಬಂದ್ರು" ಎನ್ನುವರು. ಅತ್ತೆಯೂ ಅವರ ಜೊತೆ ನಗುವಳು. ನಾನು ಪಕ್ಕದಲ್ಲಿ ನಿಂತು ನೆಲ ನೋಡುತ್ತಿದ್ದೆ. ನನಗೆ ನಾಚಿಕೆಯಾಗುತ್ತಿತ್ತು. ಒಂದು ಮಾತು ಸಾಕಿತ್ತು, ಆ ಒಂದು ಮಾತನ್ನು ನಾನು ಆಡಲಿಲ್ಲ. ಕವರು ವಾಪಸು ಬಂದ ದಿನವೇ ಊಟಕ್ಕೆ ಕೂತಾಗ, "ಅತ್ತೇ, ಅವತ್ತು ಶುಕ್ರವಾರ..." ಎಂದು ಬಾಯಿ ತೆರೆದಿದ್ದೆ. ಅತ್ತೆ ರೊಟ್ಟಿಗೆ ಇನ್ನೊಂದು ಚಮಚ ತುಪ್ಪ ಹಾಕಿ, "ರೊಟ್ಟಿ ಆರತೈತೆ, ತಿನ್ನು" ಎಂದಳು. ತುಪ್ಪದ ರೊಟ್ಟಿಯ ಮುಂದೆ ನನ್ನ ಸತ್ಯ ನಿಲ್ಲಲಿಲ್ಲ. ಮರುದಿನ ಹನ್ನೊಂದು ಗಂಟೆಗೆ ವಿಮಾನ ಬಂತು. ಅತ್ತೆ ಸಂಡಿಗೆಯಿಂದ ತಲೆ ಎತ್ತಲಿಲ್ಲ.

ಎಂಟು ವರ್ಷವಾದ ಮೇಲೆ ನನ್ನ ಮದುವೆ ಗೊತ್ತಾಯಿತು. ಅಚ್ಚಾದ ಕರೆಯೋಲೆಗಳು ಬಂದವು. ಬಸವಾಪಟ್ಟಣದ ಮನೆಯ ಪಡಸಾಲೆಯಲ್ಲಿ ಹೆಂಗಸರೆಲ್ಲ ಸುತ್ತಲೂ ಕೂತು ಮೂಲೆಗೆ ಅರಿಶಿನ ಹಚ್ಚುತ್ತಿದ್ದರು. ಅರ್ಧ ಆಗುವಷ್ಟರಲ್ಲಿ ಎಲ್ಲರಿಗೂ ಬೇಸರ ಬಂತು. ಮದುಮಗಳೆಂದು ನನ್ನನ್ನು ಕೆಲಸಕ್ಕೆ ಸೇರಿಸಿರಲಿಲ್ಲ. ಅತ್ತೆ ಅರಿಶಿನದ ಬಟ್ಟಲನ್ನು ತೆಗೆದು ನನ್ನ ಮುಂದಿಟ್ಟಳು.

"ಇವಳಿಗೆ ಕೊಡ್ರಿ. ಇವಳಿಗೆ ಚಲೋ ಕೈ ಐತೆ. ಮುನ್ನೂರಿದ್ರೂ ಒಂದು ಮೂಲೆ ಬಿಡಲ್ಲ."

ಯಾರಿಗೂ ಏನೂ ಅರ್ಥವಾಗಲಿಲ್ಲ. ನಾನು ತಲೆಯೆತ್ತಿದೆ. ಅತ್ತೆ ನಗುತ್ತಿದ್ದಳು. ನಾನು ಅಳತೊಡಗಿದೆ. ತವರು ಬಿಡುವ ದುಃಖ ಎಂದುಕೊಂಡು ಎಲ್ಲರೂ ನನಗೆ ಸಮಾಧಾನ ಹೇಳಿದರು. ಗಂಡನ ಮನೆಗೆ ಹೊರಟಾಗ ಅತ್ತೆ ಚಕ್ಕುಲಿ ತುಂಬಿಕೊಟ್ಟ ಡಬ್ಬಿ ಆ ಬಿಸ್ಕತ್ತಿನ ಡಬ್ಬಿಯೇ. ಚಕ್ಕುಲಿ ಮುಗಿದ ಮೇಲೆ ತಳದ ಕಾಗದ ಎತ್ತಿದರೆ, ಅಡಿಯಲ್ಲಿ ಕೂಪನ್ನುಗಳೂ ನನ್ನ ಕೈಬರಹದ ಆ ಪಟ್ಟಿಯೂ ಇದ್ದವು.

ಈಗ ಬ್ಯಾಂಕಿನ ಹುಡುಗಿಯ ವಿಷಯಕ್ಕೆ ಬರೋಣ. "ಪ್ರಯಾಣಿಕರ ಹೆಸರು ಹೇಳಿ ಮೇಡಂ" ಎಂದಳು. "ಗಿರಿಜಮ್ಮ" ಎಂದೆ. ಎಲ್ಲಿಗೆ ಎಂದಳು. ನಾನು ಅಷ್ಟರಲ್ಲಿ ಗೋಡೆಯ ನಕ್ಷೆಯ ಮೇಲೆ ದಾರ ಹಿಡಿದು ನೋಡಿಯಾಗಿತ್ತು. ಬೆಂಗಳೂರಿನಿಂದ ಗೋವಾಕ್ಕೆ ಎಳೆದ ದಾರ ಸೂಳೆಕೆರೆಯನ್ನು ಸವರಿಕೊಂಡೇ ಹೋಗುತ್ತಿತ್ತು, ಕೆರೆ ಎಡಕ್ಕೆ. ಪಾಯಿಂಟು ಒಬ್ಬರಿಗೆ ಮಾತ್ರ ಸಾಕಾಯಿತು. ನಾನು ನನ್ನ ದುಡ್ಡಿನಲ್ಲಿ ಹಿಂದಿನ ಸೀಟು ತೆಗೆದುಕೊಂಡೆ.

ಟಿಕೆಟ್ಟನ್ನು ಕಾಗದದ ಮೇಲೆ ಅಚ್ಚು ಮಾಡಿಸಿಕೊಂಡು ಚನ್ನಗಿರಿಗೆ ಹೋದೆ. ಅತ್ತೆಗೆ ಎಪ್ಪತ್ತು ದಾಟಿದೆ, ಮಾಮನಿಗೆ ಎಂಬತ್ತು. ಸೈಕಲ್ ಶಾಪು ಈಗ ಮಗನ ಬೈಕ್ ಗ್ಯಾರೇಜು. "ಹಂಚು ತೆಗೆಸಿ ಆರ್‌ಸಿಸಿ ಹಾಕಿಸಿ ಆಯ್ತಲ್ಲೇ, ಇನ್ನೇನು ನೋಡಾಕೆ ಹೋಗ್ತೀಯ?" ಎಂದರು ಮಾಮ. ಕೆರೆಯನ್ನು ಫೋನಿನಲ್ಲೇ ತೋರಿಸುತ್ತೇನೆಂದು ಮೊಮ್ಮಗಳು ಹೊರಟರೆ ಅತ್ತೆ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡಳು. "ಬ್ಯಾಡ, ತೋರಿಸಬ್ಯಾಡ! ಇಷ್ಟು ವರ್ಷ ಕಾದಿದ್ದು ಅದ್ರಾಗೆ ನೋಡಾಕಾ?"

ಆಮೇಲೆ ಟಿಕೆಟ್ಟಿನ ಕಾಗದವನ್ನು ದೂರಕ್ಕೆ ಹಿಡಿದು ನೋಡಿ, ನನ್ನನ್ನು ಮೆಲ್ಲಗೆ ಕೇಳಿದಳು.

"ಇದಕ್ಕೆ ಹಚ್ಚಬೋದಾ?"

"ಹಚ್ಚಬೋದು ಅತ್ತೆ. ಏನೂ ಆಗಲ್ಲ."

"ಹಂಗಾದ್ರೆ ನೀನೇ ಹಚ್ಚು."

ಹಚ್ಚಿದೆ, ನಾಲ್ಕು ಮೂಲೆಗೂ. ವಿಮಾನ ನಿಲ್ದಾಣದ ಬಾಗಿಲಲ್ಲಿ ಕಾವಲಿನವನು ಹಳದಿ ಮೂಲೆಗಳನ್ನು ನೋಡಿ, "ಮದುವೆಗೆ ಹೊರಟಿರಾ ಅಜ್ಜಿ?" ಎಂದ. "ಕೆರೆ ನೋಡಾಕೆ" ಎಂದಳು ಅತ್ತೆ. ಮುಂದಿನ ದರ್ಜೆಯವರಿಗೆಂದೇ ಇರುವ ಮೆತ್ತನೆಯ ಕುರ್ಚಿಗಳ ಕೋಣೆಯಲ್ಲಿ ಅವಳಿಗೆ ಬಿಸಿನೀರು, ಜೊತೆಗೊಂದು ಟೀ ಪೊಟ್ಟಣ ತಂದಿಟ್ಟರಂತೆ. ಅವಳು ಟೀ ಕುಡಿಯಲಿಲ್ಲ. ಪೊಟ್ಟಣ ಬಿಡಿಸಿ ಒಳಗೆ ಕೂಪನ್ ಇದೆಯೇ ಎಂದು ನೋಡಿ ಇಟ್ಟಳಂತೆ.

ವಿಮಾನದಲ್ಲಿ ಅವಳು ಮುಂದೆ, ನಾನು ಹಿಂದೆ, ನಡುವೆ ಒಂದು ಪರದೆ. ಅವಳ ಮುಷ್ಟಿಯಲ್ಲಿ ನಿಂಬೆಹಣ್ಣು ಇದ್ದದ್ದನ್ನು ಕೊನೆಯ ಸಲ ಕಂಡೆ. ಹೊರಟು ಅರ್ಧ ಗಂಟೆಯಾಗಿರಬಹುದು. ಪರದೆ ಸರಿಯಿತು. ಗಗನಸಖಿ ನಗುತ್ತ ನನ್ನ ಬಳಿ ಬಂದು ಬಗ್ಗಿದಳು.

"ಮೇಡಂ, ಮುಂದಿರೋ ಅಜ್ಜಿ ಹೇಳಿ ಕಳಿಸಿದಾರೆ. ಎಡಗಡೆ ನೋಡಬೇಕಂತೆ. ಬೇಗ."

ನನ್ನ ಸೀಟು ಬಲಗಡೆಯದು. ಬೆಲ್ಟು ಬಿಚ್ಚಿ ಎದ್ದು ಎಡಕ್ಕೆ ಬಗ್ಗಿದೆ. ಆ ಕಿಟಕಿಯಲ್ಲಿ ಕೂತ ಮಹಾನುಭಾವರು ತೆರೆ ಎಳೆದುಕೊಂಡು ನಿದ್ದೆ ಮಾಡುತ್ತಿದ್ದರು. ಅವರನ್ನು ಎಬ್ಬಿಸಿ, ತೆರೆ ಸರಿಸುವಷ್ಟರಲ್ಲಿ ಕೆಳಗೆ ಬರೀ ಮೋಡ. ಮೋಡದ ಬೆನ್ನು ಹೇಗಿರುತ್ತದೆ ಎಂಬುದಂತೂ ಗೊತ್ತಾಯಿತು.

ಗೋವಾದಲ್ಲಿ ಇಳಿದಾಗ ಅತ್ತೆ ಮೆಟ್ಟಿಲ ಕೆಳಗೆ ನನಗಾಗಿ ನಿಂತಿದ್ದಳು. ನಿಂಬೆಹಣ್ಣು ಮೂಸಿದ ಹಾಗೆ ಕಾಣಲಿಲ್ಲ. ಕಣ್ಣು ಕೆಂಪಾಗಿತ್ತು.

"ಹೆಂಗಿತ್ತು ಅತ್ತೆ? ಮಾವಿನಕಾಯಿನೋ, ಎತ್ತಿನ ತಲಿನೋ?"

"ಎರಡೂ ಅಲ್ಲ."

"ಮತ್ತೆ?"

ಅವಳು ಗಾಳಿಯಲ್ಲಿ ಬೆರಳೆತ್ತಿ ಏನೋ ಬರೆಯಲು ಹೋದಳು. ಅರ್ಧಕ್ಕೆ ನಿಲ್ಲಿಸಿದಳು. ನಿಂಬೆಹಣ್ಣನ್ನು ನನ್ನ ಕೈಯಲ್ಲಿಟ್ಟು ಬೆರಳು ಮಡಚಿದಳು.

"ಹೇಳಾಕೆ ಬರಲ್ಲ ಕಣೇ. ನೀನೂ ಪಾಯಿಂಟು ಕೂಡ್ಸು."